ಸಂಪಾದಕರ ಉತ್ತರ: ಶುಗರ್ ನೋಡುವವರು ಮನಸ್ಸನ್ನೂ ಕೇಳಲಿ

ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಶುಗರ್ ಶುರುವಾಗಿ ಹನ್ನೊಂದು ವರ್ಷ. ತಪಾಸಣೆಗೆ ಎರಡು ದಿನ ಇರುವಾಗಲೇ ಅನ್ನ ಬಿಡುತ್ತೇನೆ, ಬೈಗುಳ ತಪ್ಪಲಿ ಅಂತ. ಕಳೆದ ತಿಂಗಳು ಹೋಗಲೇ ಇಲ್ಲ. ಮನಸ್ಸಿನ ಮಾತು ಮಲಯಾಳದಲ್ಲಿ ಹೇಳಲು ಬರುವುದಿಲ್ಲ. ನಾನು ಸೋಮಾರಿಯೇ, ಅಥವಾ ಇದು ಖಿನ್ನತೆಯೇ?"

ಎರಡೂ ಅಲ್ಲದಿರಬಹುದು ಅಕ್ಕಾ. ಆದರೆ ಅನ್ನ ಬಿಡುವುದನ್ನು ಮೊದಲು ನಿಲ್ಲಿಸಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ದಿಢೀರನೆ ಇಳಿಯಬಹುದು. ಬೆವರು, ನಡುಕ ಬಂದು ಪ್ರಜ್ಞೆಯೂ ತಪ್ಪೀತು. ಎಚ್‌ಬಿಎ1ಸಿ ಪರೀಕ್ಷೆ ಹೇಗೂ ಎರಡು-ಮೂರು ತಿಂಗಳ ಶುಗರ್ ಸರಾಸರಿಯ ಲೆಕ್ಕ ಹೇಳುತ್ತದೆ. ಎರಡು ದಿನದ ಉಪವಾಸಕ್ಕೆಲ್ಲ ಅದು ಬಗ್ಗುವುದಿಲ್ಲ.

ದಿನಾ ಮದ್ದು, ದಿನಾ ಪಥ್ಯ, ಒಂದು ದಿನವೂ ರಜೆ ಇಲ್ಲ. ಸಾಕಾಗದೆ ಇರುತ್ತದೆಯೇ? ಈ ಬೇಸರ, ಭಯ, ‘ನನ್ನದೇ ತಪ್ಪು’ ಅನ್ನುವ ಕೊರಗಿಗೆ ವೈದ್ಯರು ‘ಡಯಾಬಿಟಿಸ್ ಡಿಸ್ಟ್ರೆಸ್’ ಅನ್ನುತ್ತಾರೆ. ಅದನ್ನು ಅಳೆಯುವ 20 ಪ್ರಶ್ನೆಗಳ ಪಟ್ಟಿ 1995ರಲ್ಲೇ ಬಂದಿದೆ. ಆಮೇಲೆ ಎರಡೇ ಪ್ರಶ್ನೆಯದ್ದೂ ಬಂತು. ಶುಗರ್ ಜೊತೆಗಿನ ಬದುಕು ಹೊರಲಾರದಷ್ಟು ಭಾರ ಅನಿಸುತ್ತಿದೆಯೇ? ಪಥ್ಯ, ಮದ್ದಿನಲ್ಲಿ ಪದೇ ಪದೇ ಸೋಲುತ್ತಿದ್ದೇನೆ ಅನಿಸುತ್ತಿದೆಯೇ? ಬಿ.ಪಿ. ನೋಡುವಷ್ಟು ಹೊತ್ತಿನಲ್ಲಿ ಕೇಳಿ ಮುಗಿಸಬಹುದು. ಕೇಳುವವರು ಬೇಕಲ್ಲ!

ಕೇರಳದಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಶುಗರ್ ಇದೆ ಅನ್ನುತ್ತದೆ 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ. ಕ್ಲಿನಿಕ್ಕಿನ ಸಾಲು ಉದ್ದ, ಒಪ್ಪುತ್ತೇನೆ. ಆದರೆ ಬೈದರೆ ಶುಗರ್ ಇಳಿಯುವುದಿಲ್ಲ, ಬರುವವರು ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೆ. ವರ್ಷ ಕಳೆದಂತೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದು ಕಡಿಮೆಯಾಗುವುದು ಈ ಕಾಯಿಲೆಯ ಗುಣ. ಹಳೇ ಮಾತ್ರೆ ಸಾಲದೇ ಹೋದರೆ ಅದು ನಿಮ್ಮ ಸೋಮಾರಿತನ ಅಲ್ಲ.

ಖಿನ್ನತೆ ಇದಕ್ಕಿಂತ ಬೇರೆ. ಅದು ಬಂದರೆ ಶುಗರ್ ಮಾತ್ರ ಅಲ್ಲ, ಯಾವುದೂ ಬೇಡವಾಗುತ್ತದೆ. ಎರಡೂ ಒಟ್ಟಿಗೆ ಇರಲೂಬಹುದು. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ ‘ಆಶ್ವಾಸಂ’ ಕ್ಲಿನಿಕ್ ಇದೆ, ವಿಚಾರಿಸಿ. ಬದುಕೇ ಬೇಡ ಅನಿಸಿದರೆ ಮಾತ್ರ ಯಾವ ತಪಾಸಣೆಗೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಸೇವೆ ಇದೆ.

ಭಾಷೆಯ ಕಷ್ಟ ನಮ್ಮ ಗಡಿಯವರಿಗೆ ಹೊಸತಲ್ಲ. ಕನ್ನಡವೋ ತುಳುವೋ ಬಲ್ಲ ನರ್ಸ್ ಅಥವಾ ಆಶಾ ಕಾರ್ಯಕರ್ತೆಯನ್ನು ಹುಡುಕಿ, "ನನಗೆ ಸಾಕಾಗಿಹೋಗಿದೆ, ಬೈಗುಳಕ್ಕೆ ಹೆದರಿ ಅನ್ನ ಬಿಡುತ್ತಿದ್ದೇನೆ" ಅಂತ ಹೇಳಿ. ಡಾಕ್ಟರಿಗೆ ಅವರು ದಾಟಿಸಲಿ. ಮದ್ದಿನ ಹೊತ್ತು, ಪ್ರಮಾಣ ಬದಲಿಸುವ ದಾರಿ ಆಗ ಕಾಣುತ್ತದೆ. ಕುಚ್ಚಲಕ್ಕಿ ಅನ್ನ ಪೂರ್ತಿ ಬಿಡಬೇಕಿಲ್ಲ. ಡಾಕ್ಟರನ್ನು ಕೇಳಿಕೊಂಡು ರಾತ್ರಿ ಒಂದು ಸೌಟು ಕಡಿಮೆ ಮಾಡಿ, ತೊಂಡೆಕಾಯಿ ಪಲ್ಯ ಜಾಸ್ತಿ ಬಡಿಸಿಕೊಳ್ಳಿ. ಈ ತಿಂಗಳಿಗೆ ಅಷ್ಟು ಸಾಕು.

ಮನೆಯವರಿಗೂ ಒಂದು ಮಾತು. ಮದುವೆ ಊಟದ ಪಂಕ್ತಿಯಲ್ಲಿ "ಇವಳಿಗೆ ಹೋಳಿಗೆ ಬೇಡ, ಶುಗರ್" ಅಂತ ಕೂಗುವುದು ಕಾಳಜಿ ಅಲ್ಲ. ಕಾಳಜಿ ಇದ್ದರೆ ತಪಾಸಣೆಯ ದಿನ ಜೊತೆಗೆ ಹೋಗಿ. ಹೊರಗೆ ಬೈಕಿನ ಹತ್ತಿರ ನಿಂತು ಮೊಬೈಲ್ ನೋಡುವುದಲ್ಲ, ಡಾಕ್ಟರ ಕೋಣೆಯ ಒಳಗೇ ಹೋಗಿ.