ರೇ ಹ್ಯಾರೂನ್ ಮತ್ತು ಅವರ ಕನ್ನಡಿ

1911ರ ಮೇ 30ರಂದು ನಡೆದ ಅಮೆರಿಕದ ಮೊದಲ ಇಂಡಿಯಾನಾಪೊಲಿಸ್ 500 ಮೈಲಿ ಕಾರು ಓಟವನ್ನು ಗೆದ್ದ ರೇ ಹ್ಯಾರೂನ್ ನಿಜವಾಗಿಯೂ ಒಬ್ಬರೇ ಕಾರು ಓಡಿಸಿದರೇ, ಹಿಂದಿನ ಕಾರುಗಳನ್ನು ನೋಡಲು ಅವರು ಅಳವಡಿಸಿದ್ದ ಕನ್ನಡಿ ಉಪಯೋಗಕ್ಕೆ ಬಂದಿತೇ ಎಂದು ತಾವು ಕೇಳಿದ್ದೀರಿ. ಮಾರ್ಮನ್ ಕಂಪನಿ ತಯಾರಿಸಿದ ಅವರ ‘ವಾಸ್ಪ್’ ಒಂದೇ ಆಸನದ ಕಾರು ಎಂಬುದು ನಿಜ. ಆದರೆ ಓಟದ ನಡುವೆ ಕೆಲವು ಸುತ್ತುಗಳಲ್ಲಿ ಬದಲಿ ಚಾಲಕ ಸೈರಸ್ ಪ್ಯಾಚ್ಕೆ ಅದನ್ನು ಚಲಾಯಿಸಿದ್ದರು. ಈ ಹೆಸರನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಅದು ನ್ಯಾಯವಲ್ಲ.

ಆ ಕಾಲದಲ್ಲಿ ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬ ಕುಳಿತು, ಹಿಂದಿನಿಂದ ಬರುವ ಕಾರುಗಳ ಮೇಲೆ ಕಣ್ಣಿಟ್ಟಿರುತ್ತಿದ್ದ. ಅಂಥವನಿಲ್ಲದೆ ಓಡುವುದು ಅಪಾಯಕರವೆಂದು ಉಳಿದ ಚಾಲಕರು ಆಕ್ಷೇಪಿಸಿದಾಗ, ಸ್ವತಃ ಎಂಜಿನಿಯರ್ ಆಗಿದ್ದ ಹ್ಯಾರೂನ್, ಹಿಂದೊಮ್ಮೆ ಕುದುರೆ ಗಾಡಿಯೊಂದರಲ್ಲಿ ಕಂಡಿದ್ದ ಉಪಾಯವನ್ನು ನೆನೆದು ತಮ್ಮೆದುರಿಗೆ ಕನ್ನಡಿ ಅಳವಡಿಸಿದರು. ಆದರೆ ಇಟ್ಟಿಗೆ ಹಾಸಿದ ಆ ಪಥದಲ್ಲಿ ಅದು ಎಷ್ಟು ಅಲುಗಾಡಿತೆಂದರೆ ಅದರಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲವೆಂದು ಅವರೇ ಮುಂದೆ ಒಪ್ಪಿಕೊಂಡರು.

ನನ್ನ ದೃಷ್ಟಿಯಲ್ಲಿ ಗೆಲುವಿನ ಗುಟ್ಟು ಕನ್ನಡಿಯಲ್ಲಿರಲಿಲ್ಲ, ಸಂಯಮದಲ್ಲಿತ್ತು. ವೇಗ ಹೆಚ್ಚಿದಷ್ಟೂ ಟೈರುಗಳು ಬೇಗ ಸವೆಯುತ್ತವೆ ಎಂಬುದನ್ನರಿತು, ಗಂಟೆಗೆ ಸುಮಾರು 75 ಮೈಲಿಯ ಹದವಾದ ವೇಗವನ್ನು ಕಾಯ್ದುಕೊಂಡ ಅವರು, 28ನೆಯ ಸ್ಥಾನದಿಂದ ಹೊರಟರೂ 6 ಗಂಟೆ 42 ನಿಮಿಷಗಳಲ್ಲಿ, ಗಂಟೆಗೆ ಸರಾಸರಿ 74.6 ಮೈಲಿ ವೇಗದಲ್ಲಿ ಗುರಿ ಮುಟ್ಟಿದರು. 1910ರ ಕೊನೆಗೇ ಓಟಗಳಿಂದ ನಿವೃತ್ತರಾಗಿದ್ದ ಅವರು ಮಾರ್ಮನ್ ಕಂಪನಿಗಾಗಿ ಮರಳಿದ್ದರು. ಈ ಗೆಲುವಿನ ನಂತರ ಮತ್ತೆ ಸ್ಪರ್ಧಿಸಲಿಲ್ಲ.