ಟ್ರಂಕ್ ಕಾಲ್: ಫೋನು ಕೇಳಿತು, ‘ಮರುಮದುವೆ ಆಗಿದೆಯೇ?’

ಹೋದ ತಿಂಗಳು ಈ ಅಂಕಣ ಯಾಕೆ ಬರಲಿಲ್ಲ ಎಂದು ಏಳೆಂಟು ಮಂದಿ ಕೇಳಿದ್ದೀರಿ. ಮಗಳ ಚೊಚ್ಚಲ ಹೆರಿಗೆ ಇತ್ತು. ಹೆಣ್ಣು ಮಗು, 2 ಕೆ.ಜಿ. 900 ಗ್ರಾಂ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಶಿವಮೊಗ್ಗದ ನಮ್ಮ ಮನೆಯ ತುಂಬ ಈಗ ಬೆಳ್ಳುಳ್ಳಿ, ಬಜೆ, ಸಾಂಬ್ರಾಣಿಯದೇ ವಾಸನೆ. ನಿಮ್ಮ ಪತ್ರಗಳನ್ನು ಓದಿದ್ದು ರಾತ್ರಿ ಎರಡು ಗಂಟೆಗೆ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು. ಅಕ್ಷರ ತಪ್ಪಿದ್ದರೆ ನಿದ್ದೆಯ ಲೆಕ್ಕಕ್ಕೆ ಬರೆದುಕೊಳ್ಳಿ.

ನಮ್ಮ ಯಜಮಾನರ ವಾಟ್ಸ್‌ಆ್ಯಪ್‌ಗೆ ಸಹೋದ್ಯೋಗಿಯ ನಂಬರಿನಿಂದ ‘ಮದುವೆ ಕರೆಯೋಲೆ’ ಎಂಬ ಫೈಲ್ ಬಂತು. ಒತ್ತಿದರು. ಏನೋ ಇನ್‌ಸ್ಟಾಲ್ ಆಯಿತು, ಕಾರ್ಡ್ ಮಾತ್ರ ಕಾಣಲಿಲ್ಲ. ಈಗ ಏನು ಮಾಡುವುದು?
– ಓದುಗರೊಬ್ಬರು, ದಾವಣಗೆರೆ

ಅಂಕಣ ಅಚ್ಚಾಗುವ ತನಕ ಕಾಯುವ ವಿಷಯ ಅಲ್ಲ ಇದು. ಹಾಗಾಗಿ ನಿಮಗೆ ಅವತ್ತೇ ಫೋನ್ ಮಾಡಿ ಹೇಳಿದ್ದೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ.

ನನ್ನ ಮೈದುನ ಸಾಗರದ ಹತ್ತಿರ ತೋಟ ಮಾಡಿಕೊಂಡಿದ್ದಾನೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಅವನೂ ಇಂಥದೇ ಕರೆಯೋಲೆ ಒತ್ತಿದ. ಯಾರ ಮದುವೆ ಎಂದು ರಾತ್ರಿಯೆಲ್ಲ ಯೋಚಿಸಿದನಂತೆ. ಬೆಳಿಗ್ಗೆ ನೋಡಿದರೆ ಖಾತೆಯಿಂದ ಎರಡು ಸಲಕ್ಕೆ 18,400 ರೂಪಾಯಿ ಹೋಗಿತ್ತು. ಅಷ್ಟೇ ಅಲ್ಲ, ಅವನ ಫೋನು ತಾನೇ ನಮ್ಮ ಬಳಗಕ್ಕೆಲ್ಲ ಅದೇ ಕರೆಯೋಲೆ ಹಂಚಿತ್ತು. ‘ಯಾವ ಕಲ್ಯಾಣ ಮಂಟಪ?’ ಎಂದು ಇಬ್ಬರು ಚಿಕ್ಕಮ್ಮಂದಿರು ನನ್ನನ್ನು ಕೇಳಿದರು!

ಫೈಲಿನ ಹೆಸರಿನ ಬಾಲ ನೋಡಿ. ನಿಜವಾದ ಕಾರ್ಡ್ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಇಲ್ಲವೇ ವಿಡಿಯೋ. ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಕಾರ್ಡ್ ಅಲ್ಲ, ಆ್ಯಪ್. ಒಳಗೆ ಬಂದು ಎಸ್ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಬ್ಯಾಂಕಿನ ಓಟಿಪಿ ಬೇರೆಯವರ ಕೈಗೆ ಹೋಯಿತು ಎಂದೇ ಲೆಕ್ಕ. ಗೊತ್ತಿರುವವರ ನಂಬರಿನಿಂದ ಬಂದಿದೆ ಎಂಬ ಧೈರ್ಯವೂ ಬೇಡ. ಆ ಪಾಪದವರ ಫೋನೂ ಹೀಗೇ ಕೆಟ್ಟಿರುತ್ತದೆ.

ಒತ್ತಿಬಿಟ್ಟಿದ್ದರೆ ಮೊದಲು ಫ್ಲೈಟ್ ಮೋಡ್ ಹಾಕಿ, ವೈಫೈ ಕೂಡ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ಹಿಡಿಯಬೇಕಲ್ಲ. ಮೈದುನನ ದುಡ್ಡಿನಲ್ಲಿ ಎರಡನೇ ಸಲ ಹೋದ 8,000 ಮಾತ್ರ ಸಿಕ್ಕಿತು. ಆಮೇಲೆ ಆ ಆ್ಯಪ್ ತೆಗೆದು, ಬೇಕಾದ ಫೋಟೋಗಳನ್ನು ಉಳಿಸಿಕೊಂಡು, ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬಂದವಳು ನಾನು, ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ನಿಮ್ಮ ಕರೆಗಳನ್ನು ಯಾರಾದರೂ ತಮ್ಮ ನಂಬರಿಗೆ ತಿರುಗಿಸಿಕೊಂಡಿದ್ದಾರೋ ನೋಡಬೇಕೆಂದರೆ *#21# ಒತ್ತಿ. ಅನುಮಾನ ಬಂದರೆ ##002# ಒತ್ತಿ. ತಿರುಗಿಸಿದ್ದೆಲ್ಲ ರದ್ದಾಗುತ್ತದೆ.

ಅಪ್ಪನಿಗೆ 79. ಹಾವೇರಿಯಲ್ಲಿದ್ದಾರೆ, ಕೇಂದ್ರ ಸರ್ಕಾರದ ಪಿಂಚಣಿ. ಪಿಂಚಣಿದಾರರು ಬದುಕಿದ್ದಾರೆ ಎಂದು ತೋರಿಸುವ ನವೆಂಬರಿನ ಜೀವಿತ ಪ್ರಮಾಣಪತ್ರಕ್ಕೆ ಬೆರಳು ಒತ್ತಿದರೆ ಯಂತ್ರ ಒಪ್ಪುವುದೇ ಇಲ್ಲ, ಗೆರೆ ಸವೆದಿದೆ. ನಾನಿರುವುದು ಪುಣೆಯಲ್ಲಿ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ಪುಣೆ

ಇದೆ, ಮುಖ. 2021ರಿಂದ ಫೋನಿನ ಕ್ಯಾಮೆರಾದಲ್ಲೇ ಮುಖ ತೋರಿಸಿ ಕೊಡಬಹುದು. ಎರಡು ಆ್ಯಪ್ ಬೇಕು: ಜೀವನ್ ಪ್ರಮಾಣ್, ಆಧಾರ್ ಫೇಸ್ ಆರ್‌ಡಿ. ಆಧಾರ್, ಪಿಪಿಓ (ಪಿಂಚಣಿ ಪಾವತಿ ಆದೇಶ) ನಂಬರ್, ಬ್ಯಾಂಕ್ ಖಾತೆಯ ನಂಬರ್ ಎದುರಿಗೆ ಇಟ್ಟುಕೊಳ್ಳಿ. ದೀಪಾವಳಿಗೆ ಊರಿಗೆ ಹೋಗುವವರಿದ್ದರೆ ನಿಮ್ಮ ಫೋನಿನಲ್ಲೇ ಮಾಡಿಕೊಡಿ, ಆದರೆ ದಿನಾಂಕ ನೋಡಿಕೊಳ್ಳಿ. ದೀಪಾವಳಿ ಅಕ್ಟೋಬರಿನಲ್ಲೇ ಬಂದರೆ ಸುಮ್ನೆ ಪ್ರಯಾಣ ದಂಡ. 80 ದಾಟಿದವರಿಗೆ ಮಾತ್ರ ಅಕ್ಟೋಬರ್ 1ರಿಂದ ಅವಕಾಶ. ನಿಮ್ಮ ತಂದೆಗೆ ಇನ್ನೊಂದು ವರ್ಷ ಬೇಕಲ್ಲ.

ಆ್ಯಪ್ ಮೊದಲು ‘ಆಪರೇಟರ್’ ಯಾರು ಎಂದು ಕೇಳುತ್ತದೆ. ಗಾಬರಿ ಬೇಡ, ಅದು ನೀವೇ. ಒಂದು ಸಲ ನಿಮ್ಮ ಮುಖ ತೋರಿಸಿ, ಆಮೇಲೆ ಅಪ್ಪನ ಮುಖ. ನಾನಂತೂ ರಿಟೈರ್ ಆದ ಮೇಲೆ ಮತ್ತೆ ಆಪರೇಟರ್ ಆದೆ.

ನಮ್ಮ ಅತ್ತೆಗೆ 84, ಮಾವನವರು ರೈಲ್ವೆಯಲ್ಲಿದ್ದರು, ಈಗ ಕುಟುಂಬ ಪಿಂಚಣಿ. ಅವರನ್ನು ಕೂರಿಸಿಕೊಂಡು ಮಾಡುವಾಗ ನಾಲ್ಕು ಸಲ ತಪ್ಪಿತು. ಆ್ಯಪ್ ಕಣ್ಣು ಮಿಟುಕಿಸಿ ಎನ್ನುತ್ತದೆ, ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತಿದ್ದಾರೆ. ‘ಮದುವೆ ಫೋಟೋ ತೆಗೆಯುವಾಗ ಸ್ಟುಡಿಯೋದವನು ಕಣ್ಣು ಮುಚ್ಚಿದರೆ ಫಿಲಂ ಹಾಳು ಅಂತ ಬೈದಿದ್ದ’ ಎಂದರು. ಕಿಟಕಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ‘ಈಗ ಮಿಟುಕಿಸಿ’ ಎಂದು ಪಕ್ಕದಿಂದ ಹೇಳಿದ ಮೇಲೆ ಒಪ್ಪಿತು.

ಅದಕ್ಕೂ ಮೊದಲು ಒಂದು ಪ್ರಶ್ನೆ ಬಂದಿತ್ತು: ಮರುಮದುವೆ ಆಗಿದೆಯೇ, ಹೌದು ಅಥವಾ ಇಲ್ಲ. ನಾನು ಸುಮ್ಮನೆ ‘ಇಲ್ಲ’ ಒತ್ತಲು ಹೋದೆ. ಅತ್ತೆ ಕೈ ಹಿಡಿದು, ‘ಗಂಡು ಯಾರು ಅಂತಾದರೂ ಕೇಳೇ’ ಎಂದರು. ಎಲ್ಲ ಮುಗಿದ ಮೇಲೆ ಎಸ್ಎಂಎಸ್‌ನಲ್ಲಿ ಪ್ರಮಾಣ್ ಐಡಿ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ನಿಮಗೆ ಹೋಗಲು ಆಗದಿದ್ದರೆ ಅಂಚೆಯವರನ್ನು ಮನೆಗೇ ಕರೆಸುವ ಸೌಲಭ್ಯವೂ ಇದೆ. ಹತ್ತಿರದ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ದಿನಾ ಗುಡ್ ಮಾರ್ನಿಂಗ್ ಹೂವು, ದೇವರು. ಫೋನು ತುಂಬಿಹೋಗಿದೆ. ಗ್ರೂಪ್ ಬಿಟ್ಟರೆ ಭಾವ ಬೇಜಾರಾಗುತ್ತಾರೆ.
– ಗೃಹಿಣಿಯೊಬ್ಬರು, ಹಾಸನ

ಬಿಡಬೇಡಿ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’. ಹಲವು ಸಲ ಫಾರ್ವರ್ಡ್ ಆಗಿದ್ದು ಒಂದು ಗುಂಪಾಗಿ, 5 ಎಂಬಿಗಿಂತ ಜಾಸ್ತಿ ಇರುವುದು ಇನ್ನೊಂದು ಗುಂಪಾಗಿ ಅಲ್ಲೇ ಸಿಗುತ್ತವೆ. ಅಳಿಸಿ. ಆಟೋ ಡೌನ್‌ಲೋಡ್ ಆರಿಸಿ. ಭಾವನಿಗೆ ಗೊತ್ತಾಗುವುದಿಲ್ಲ. ಅವರು ಈ ಪತ್ರಿಕೆ ಓದುತ್ತಾರಾದರೆ ನಾನು ಜವಾಬ್ದಾರಳಲ್ಲ.

ಸ್ವಂತ ತಂಗಿಗೆ ಗಂಡು ಗೊತ್ತಾಗಿದ್ದು ನನಗೆ ತಿಳಿದದ್ದು ಫ್ಯಾಮಿಲಿ ಗ್ರೂಪಿನಿಂದ. ನಾನು ನೋಡುವಷ್ಟರಲ್ಲಿ ಮೂವತ್ತು ಜನ ಶುಭಾಶಯ ಹೇಳಿ ಆಗಿತ್ತು. ಎರಡು ವಾರದಿಂದ ಅವಳ ಜೊತೆ ಮಾತಿಲ್ಲ. ನನ್ನದು ಅತಿಯಾಯಿತಾ ಅಕ್ಕಾ?
– ಹೆಸರು ಬೇಡ, ಬೆಳಗಾವಿ

ಬೇಜಾರಾಗಿದ್ದು ಅತಿ ಅಲ್ಲ. ಎರಡು ವಾರ ಅತಿ.

ನಾನು ಕೆಲಸಕ್ಕೆ ಸೇರಿದಾಗ ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದರು. ಆರ್ಡಿನರಿ, ಅರ್ಜೆಂಟ್, ಎಲ್ಲಕ್ಕಿಂತ ದುಬಾರಿ ಲೈಟ್ನಿಂಗ್. ಇದರ ಜೊತೆ ಪಿ.ಪಿ. ಕಾಲ್ ಎಂದು ಒಂದಿತ್ತು. ಹೆಸರು ಹೇಳಿ ಬುಕ್ ಮಾಡಬೇಕು, ಆ ಮನುಷ್ಯರೇ ಬಂದು ಫೋನ್ ಹಿಡಿದರೆ ಮಾತ್ರ ಲೈನ್ ಕೊಡುತ್ತಿದ್ದೆವು. ಹೆರಿಗೆ, ಮದುವೆ ಸುದ್ದಿಗೆ ಜನ ಜಾಸ್ತಿ ದುಡ್ಡು ಕೊಟ್ಟು ಪಿ.ಪಿ. ಕೇಳುತ್ತಿದ್ದರು. ನಿಮಗೆ ಬರಬೇಕಿದ್ದದ್ದು ಅಂಥ ಒಂದು ಕಾಲ್.

ಆದರೆ ನಿಮ್ಮ ತಂಗಿಯನ್ನು ಬೈಯುವ ಮುಖ ನನಗಿಲ್ಲ. ಮಗು ಹುಟ್ಟಿದ ಬೆಳಿಗ್ಗೆ ಅಳಿಯ ಆಸ್ಪತ್ರೆಯ ಕಾರಿಡಾರಿನಿಂದಲೇ ಗ್ರೂಪಿಗೆ ಫೋಟೋ ಹಾಕಿದ. ನಾನೂ ಅದನ್ನೇ ಸ್ಟೇಟಸ್‌ಗೆ ಹಾಕಿಕೊಂಡೆ. ಸಾಗರದಲ್ಲಿರುವ ಅತ್ತೆಯದು ಗುಂಡಿ ಒತ್ತುವ ಫೋನು. ಪಕ್ಕದ ಮನೆಯ ಹುಡುಗಿ ನನ್ನ ಸ್ಟೇಟಸ್ ನೋಡಿ, ಹಾಲು ತೆಗೆದುಕೊಳ್ಳಲು ಹೊರಗೆ ಬಂದ ಅವರಿಗೆ ‘ಮುತ್ತಜ್ಜಿ ಆದಿರಂತೆ’ ಎಂದಳಂತೆ. ನಲವತ್ತು ವರ್ಷ ಊರಿನವರ ಸುದ್ದಿಗೆಲ್ಲ ಲೈನ್ ಕೊಟ್ಟವಳು ನಾನು, ಮನೆಯ ಸುದ್ದಿಗೇ ಲೈನ್ ಕೊಡಲಿಲ್ಲ. ಸಂಜೆ ಫೋನ್ ಮಾಡಿದಾಗ ಅತ್ತೆ ಕೇಳಿದ್ದು ಒಂದೇ ಮಾತು: ‘ಹುಟ್ಟಿದ ಗಳಿಗೆಯಾದರೂ ಹೇಳ್ತೀಯಾ, ಇಲ್ಲ ಅದನ್ನೂ ಅವಳ ಹತ್ತಿರವೇ ಕೇಳಲಾ?’

ಈಗ ನನ್ನ ಫೋನಿನ ಪರದೆಯ ಮೇಲೆ ಅತ್ತೆಯ ಮುಖವೇ ಇದೆ, ಒಂದು ಸಲ ಮುಟ್ಟಿದರೆ ಕರೆ ಹೋಗುತ್ತದೆ. ನೀವೂ ಮಾಡಿಕೊಳ್ಳಬಹುದು. ಹೋಂ ಸ್ಕ್ರೀನಿನ ಖಾಲಿ ಜಾಗವನ್ನು ಒತ್ತಿ ಹಿಡಿಯಿರಿ, ‘ವಿಜೆಟ್ಸ್’ನಲ್ಲಿ ಕಾಂಟ್ಯಾಕ್ಟ್ಸ್ ಹುಡುಕಿ, ‘ಡೈರೆಕ್ಟ್ ಡಯಲ್’ ಆರಿಸಿ. ಅಲ್ಲಿಗೆ ತಂಗಿಯ ಹೆಸರು ಹಾಕಿ, ಇವತ್ತೇ ಒಂದು ಸಲ ಒತ್ತಿ. ಸೀರೆ ಯಾವ ಬಣ್ಣದ್ದು ತೆಗೆದುಕೊಳ್ಳುತ್ತಾಳೆ ಎಂದು ಕೇಳಿ, ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ಮನೆಯಲ್ಲಿ ನಾಮಕರಣ ಮುಂದಿನ ತಿಂಗಳು. ಹೆಸರು ಏನು ಎಂದು ಕೇಳಬೇಡಿ. ಮಗಳು, ಅಳಿಯ ಹೋದ ಭಾನುವಾರ ಸಾಗರಕ್ಕೆ ಫೋನ್ ಮಾಡಿ ಹೇಳಿದ್ದಾರೆ. ನನಗಿನ್ನೂ ಹೇಳಿಲ್ಲ.