ಹಳೆಯ ಫೋಟೋದಲ್ಲಿರುವ ಸಣ್ಣ ವಿಮಾನ ಯಾವುದು, ಅದು ನಿಂತಿರುವ ಜಾಗ ಯಾವುದು ಅಂತ ಪತ್ತೆಹಚ್ಚುವುದು ಹೇಗೆ?

ತಾತನ ಆಲ್ಬಮ್‌ನಲ್ಲಿ ಮೂರು ಕಪ್ಪು-ಬಿಳುಪು ಫೋಟೋ ಸಿಕ್ಕಿವೆ, ಜೋಡಿ ರೆಕ್ಕೆಯ ಪುಟ್ಟ ವಿಮಾನದ ಮುಂದೆ ಮನೆಯವರು ನಿಂತಿದ್ದಾರೆ, ರಿಜಿಸ್ಟ್ರೇಷನ್ ಅಕ್ಷರಗಳು ಅರ್ಧ ಮುಚ್ಚಿಹೋಗಿವೆ ಅಂತ ಬರೆದಿದ್ದೀರಿ. ಇಷ್ಟಿದ್ದರೆ ಸಾಕಷ್ಟಿದೆ. ಸಾಮಾನ್ಯವಾಗಿ ಎಲ್ಲರೂ ಹಿಂದೆ ಕಾಣುವ ಕಟ್ಟಡ ನೋಡಿ ಜಾಗ ಹುಡುಕಲು ಹೊರಡುತ್ತಾರೆ. ಅದು ಬೇಡ. ಮೊದಲು ವಿಮಾನ ಯಾವುದು ಅಂತ ತಿಳಿದುಕೊಳ್ಳಿ, ಅದರ ದಾಖಲೆಯೇ ನಿಮ್ಮನ್ನು ಏರ್‌ಫೀಲ್ಡ್‌ವರೆಗೆ, ಅಂದರೆ ವಿಮಾನ ಇಳಿಯುವ ಮೈದಾನದವರೆಗೆ, ಕರೆದುಕೊಂಡು ಹೋಗುತ್ತದೆ. ಹಿನ್ನೆಲೆ ಇರುವುದು ತಾಳೆ ನೋಡುವುದಕ್ಕೆ.

ಮೊಬೈಲ್‌ನಲ್ಲಿ ತೆಗೆದ ಫೋಟೋ ಸಾಲದು. ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಸ್ಕ್ಯಾನ್ ಮಾಡಿ, ಅಂಚು ಕತ್ತರಿಸಬೇಡಿ, ಹಿಂಭಾಗವನ್ನೂ ಮಾಡಿ. ಅಂಟಿಸಿರುವ ಫೋಟೋ ಆದರೆ ದಯವಿಟ್ಟು ಕೀಳಬೇಡಿ, ಹರಿದರೆ ಮತ್ತೆ ಸಿಗುವುದಿಲ್ಲ. ಬಿಳಿ ಅಂಚಿನ ಮೇಲೆ ತಿಂಗಳು, ವರ್ಷ ಅಚ್ಚಾಗಿದ್ದರೆ ಅದು ಪ್ರಿಂಟ್ ಹಾಕಿದ ಕಾಲ. ಫೋಟೋ ತೆಗೆದದ್ದು ಅದಕ್ಕಿಂತ ಎಷ್ಟೋ ಮುಂಚೆ ಇರಬಹುದು.

ಈಗ ಅಕ್ಷರಗಳು. ಮೊದಲ ಒಂದೆರಡು ಅಕ್ಷರ ದೇಶ ಹೇಳುತ್ತವೆ. ಜಿ ಅಂದರೆ ಬ್ರಿಟನ್, ವಿಟಿ ಭಾರತ, ವಿಎಚ್ ಆಸ್ಟ್ರೇಲಿಯಾ, ಎಫ್ ಫ್ರಾನ್ಸ್, ಡಿ ಜರ್ಮನಿ, ಎನ್ ಅಮೆರಿಕ. ಅಮೆರಿಕದ ವಿಮಾನದಲ್ಲಿ ಎನ್ ಪಕ್ಕ ಸಿ ಕೂಡ ಇದ್ದರೆ ಸಾಮಾನ್ಯವಾಗಿ ಅದು 1950ಕ್ಕಿಂತ ಹಿಂದಿನದು, ಯಾಕೆಂದರೆ 1940ರ ದಶಕದ ಕೊನೆಯಲ್ಲಿ ಆ ಸಿ ಬಿಟ್ಟುಹೋಯಿತು. ಬ್ರಿಟನ್‌ನಲ್ಲಿ ಜಿ ಆದಮೇಲೆ ಇ ಬಂದರೆ ಆ ವಿಮಾನ ನೋಂದಣಿಯಾದದ್ದು 1919ರಿಂದ 1928ರ ಒಳಗೆ, ಎ ಬಂದರೆ 1928ರ ನಂತರ. ಪಕ್ಕದಲ್ಲಿ ಜನ ಅಡ್ಡ ನಿಂತಿದ್ದರೂ ಅದೇ ಅಕ್ಷರಗಳು ರೆಕ್ಕೆಯ ಕೆಳಗೂ ಇರುತ್ತವೆ, ಕೆಲವು ವಿಮಾನಗಳಲ್ಲಿ ಬಾಲದ ಮೇಲೂ ಇರುತ್ತವೆ, ಅಲ್ಲಿ ಹುಡುಕಿ. ಒಂದೇ ಒಂದು ಅಕ್ಷರ ಕಾಣದಿದ್ದರೆ ಇರುವುದು 26 ಸಾಧ್ಯತೆ ಅಷ್ಟೇ. ವಿಮಾನದ ಮಾದರಿ ಗೊತ್ತಾದರೆ ಆ 26ರಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು.

ನಿಮ್ಮದು ಜೋಡಿ ರೆಕ್ಕೆ, ತೆರೆದ ಸೀಟು ಎರಡು, ಒಂದರ ಹಿಂದೆ ಒಂದು ಅಂದಿದ್ದೀರಿ. ಅದು ಬ್ರಿಟನ್‌ನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಮಾತ್ ಅನ್ನುವ ವಿಮಾನ ಇರುವ ಸಾಧ್ಯತೆ ಜಾಸ್ತಿ, ಆದರೆ ಅದರಲ್ಲಿ ಹಲವು ಬಗೆ ಇವೆ, ಯಾವ ಮಾತ್ ಅನ್ನುವುದು ಮುಖ್ಯ. ಪ್ರೊಪೆಲ್ಲರ್ ನೋಡಿ. ಜಿಪ್ಸಿ ಮಾತ್‌ನಲ್ಲಿ ಇಂಜಿನ್ ನೆಟ್ಟಗೆ ಕೂತಿರುತ್ತದೆ, ಹಾಗಾಗಿ ಪ್ರೊಪೆಲ್ಲರ್‌ನ ನಡುಭಾಗ ಮೂಗಿನಲ್ಲಿ ಕೆಳಗಡೆ ಇರುತ್ತದೆ, ಸಿಲಿಂಡರ್ ತಲೆಗಳು ಮೇಲೆ ಎದ್ದು ಕಾಣುತ್ತವೆ. ಟೈಗರ್ ಮಾತ್‌ನಲ್ಲಿ ಇಂಜಿನ್ ತಲೆಕೆಳಗು, ಪ್ರೊಪೆಲ್ಲರ್ ಮೂಗಿನ ಮೇಲ್ಭಾಗಕ್ಕೆ ಬರುತ್ತದೆ, ಮುಂದಿನ ನೋಟಕ್ಕೆ ಅಡ್ಡಿ ಕಡಿಮೆ. ಆಮೇಲೆ ರೆಕ್ಕೆ ನೋಡಿ. ಟೈಗರ್ ಮಾತ್‌ನ ರೆಕ್ಕೆಗಳು ಹಿಂದಕ್ಕೆ ಬಾಗಿರುತ್ತವೆ. ಪ್ಯಾರಾಚೂಟ್ ಕಟ್ಟಿಕೊಂಡವರು ಮುಂದಿನ ಸೀಟಿನಿಂದ ಸುಲಭವಾಗಿ ಹೊರಗೆ ಬರಲಿ ಅಂತ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ತಂದರು, ತೂಕ ಸರಿಹೋಗಲಿ ಅಂತ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಪ್ರೊಪೆಲ್ಲರ್ ಮೇಲಿದ್ದೂ ರೆಕ್ಕೆ ನೇರವಾಗಿದ್ದರೆ ಮಾತ್ ಮೇಜರ್ ಆಗಿರಬಹುದು. ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್‌ನಲ್ಲಿ, ಹಾಗಾಗಿ ನಿಮ್ಮ ಫೋಟೋದಲ್ಲಿರುವುದು ಅದೇ ಆದರೆ ಅದಕ್ಕಿಂತ ಹಿಂದಿನ ಫೋಟೋ ಆಗಲು ಸಾಧ್ಯವೇ ಇಲ್ಲ. ಎಷ್ಟು ವರ್ಷ ನಂತರದ್ದು ಅನ್ನುವುದನ್ನು ಮಾತ್ರ ಮಾದರಿ ಹೇಳುವುದಿಲ್ಲ, ಈ ವಿಮಾನಗಳು ದಶಕಗಟ್ಟಲೆ ಹಾರಿವೆ.

ಇದೇ ಪ್ರಶ್ನೆ ಇಟ್ಟುಕೊಂಡು ಬರುವ ಬೇರೆಯವರಿಗೂ ಒಂದು ಮಾತು. ಮೇಲೆ ರೆಕ್ಕೆ ಇರುವ ಸೆಸ್ನಾ 172 ಅನ್ನುವ ಅಮೆರಿಕದ ಸಣ್ಣ ವಿಮಾನದಲ್ಲಿ ಬಾಲ ಹಿಂದಕ್ಕೆ ಬಾಗದೆ ನೆಟ್ಟಗಿದ್ದರೆ ಅದು 1960ರ ಮಾದರಿಗಿಂತ ಹಿಂದಿನದು, ಹಿಂದೆ ಕಿಟಕಿ ಇದ್ದರೆ 1963ರ ಮಾದರಿ ಅಥವಾ ಆಮೇಲಿನದು.

ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ ಫೋಟೋಗಳೂ ಇರುತ್ತವೆ. ಎ, ಎಚ್, ಟಿ, ವಿ ತರಹದ ಇಂಗ್ಲಿಷ್ ಅಕ್ಷರಗಳು ಕನ್ನಡಿಯಲ್ಲೂ ಹಾಗೇ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಅಂಗಿಯ ಗುಂಡಿ ಇರಬೇಕಾದ ಕಡೆಯೇ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಫೋಟೋ ತಿರುಗಿದೆ ಅಂತ ಅರ್ಥ.

ಬ್ರಿಟನ್‌ನ ವಿಮಾನ ಆದರೆ ಅಲ್ಲಿನ ವಿಮಾನಯಾನ ಪ್ರಾಧಿಕಾರದ ಜಿ-ಇನ್ಫೋ ತಾಣದಲ್ಲಿ ಹಳೆಯ ನೋಂದಣಿ ಪುಟಗಳ ಸ್ಕ್ಯಾನ್ ಪುಕ್ಕಟೆಯಾಗಿ ಸಿಗುತ್ತದೆ. ಮಾಲೀಕರು ಯಾರು, ಯಾವಾಗ ಕೈಬದಲಾಯಿತು ಅನ್ನುವುದು ಅಲ್ಲಿ ಇರುತ್ತದೆ, ಎಷ್ಟೋ ಪುಟಗಳಲ್ಲಿ ವಿಮಾನ ಸಾಮಾನ್ಯವಾಗಿ ಎಲ್ಲಿ ಇರುತ್ತಿತ್ತು ಅಂತಲೂ ಬರೆದಿರುತ್ತಾರೆ. ಒಂದು ಫ್ಲೈಯಿಂಗ್ ಕ್ಲಬ್‌ನ ಹೆಸರು ಸಿಕ್ಕಿತು ಅಂದರೆ ಏರ್‌ಫೀಲ್ಡ್ ಬಹುತೇಕ ಸಿಕ್ಕ ಹಾಗೆ. ಅಮೆರಿಕದಲ್ಲಿ ಹಳೆಯ ನಂಬರನ್ನೇ ಮುಂದೆ ಬೇರೆ ವಿಮಾನಕ್ಕೆ ಕೊಡುತ್ತಾರೆ, ಮಾದರಿ ಹೊಂದುತ್ತದಾ ನೋಡದೆ ಒಪ್ಪಬೇಡಿ.

ಇಷ್ಟಾದ ಮೇಲೆ ಹಿನ್ನೆಲೆಗೆ ಬನ್ನಿ. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಚಾವಣಿಯ ಆಕಾರ, ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಊರಿನ ಹೆಸರು, ದೂರದ ಬೆಟ್ಟದ ಸಾಲು ಎಲ್ಲ ನೋಡಿ. ಬೆಟ್ಟವನ್ನು ಯಾರೂ ಕೆಡವಿ ಕಟ್ಟುವುದಿಲ್ಲ, ಅದನ್ನು ನಂಬಬಹುದು. ರನ್‌ವೇ ನಂಬರನ್ನು ಅಷ್ಟು ನಂಬಬೇಡಿ. ಅದು ರನ್‌ವೇ ಯಾವ ದಿಕ್ಕಿಗಿದೆ ಅನ್ನುವ ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿ ಇಟ್ಟ ಸಂಖ್ಯೆ, ಭೂಮಿಯ ಕಾಂತೀಯ ಉತ್ತರ ಸರಿದಂತೆ ಅದೂ ಬದಲಾಗುತ್ತದೆ. ಲಂಡನ್‌ನ ಸ್ಟ್ಯಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ ರನ್‌ವೇಯ ಎರಡು ತುದಿಗಳ ನಂಬರ್ 05/23 ಇದ್ದದ್ದು 2009ರಲ್ಲಿ 04/22 ಆಯಿತು.

ಏನೂ ತಾಳೆಯಾಗದಿದ್ದರೆ ಅದು ಏರ್‌ಫೀಲ್ಡೇ ಅಲ್ಲದಿರಬಹುದು. 1930ರ ದಶಕದಲ್ಲಿ ಬ್ರಿಟನ್‌ನಲ್ಲಿ ಪೈಲಟ್ ಅಲನ್ ಕೋಬ್ಹಮ್ ತರಹದವರು ಊರೂರಿಗೆ ವಿಮಾನ ತಂದು, ಹುಲ್ಲುಗಾವಲಿನಲ್ಲಿ ಇಳಿಸಿ, ದುಡ್ಡು ತೆಗೆದುಕೊಂಡು ಜನರನ್ನು ಒಂದು ಸುತ್ತು ಹಾರಿಸುತ್ತಿದ್ದರು. ಹಾಗೆ ಹತ್ತಿ ಇಳಿದವರೂ ವಿಮಾನದ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರುತ್ತಾರೆ. ಆದ್ದರಿಂದ ತಾತ ಪೈಲಟ್ ಆಗಿದ್ದರು ಅಂತ ಬರೆದಿಡುವ ಮೊದಲು ಲಾಗ್‌ಬುಕ್ಕೋ ಲೈಸೆನ್ಸೋ ಇದೆಯಾ ಅಂತ ಮನೆಯಲ್ಲಿ ಹುಡುಕಿ.

ಆದರೂ ಸಿಗದಿದ್ದರೆ ಏರ್-ಬ್ರಿಟನ್ ಅನ್ನುವ ಸಂಘದವರನ್ನು ಕೇಳಿ. 1948ರಿಂದ ಇರುವ ಸಂಘ, ವಿಮಾನಗಳ ಇತಿಹಾಸವೇ ಅವರ ಕೆಲಸ. ಮೂರೂ ಫೋಟೋ ಒಟ್ಟಿಗೆ ಕಳಿಸಿ, ತಾತ ಯಾವ ವರ್ಷ ಎಲ್ಲಿದ್ದರು ಅಂತ ಗೊತ್ತಿರುವಷ್ಟನ್ನು ಬರೆಯಿರಿ, ಓದಲಾಗದ ಅಕ್ಷರದ ಜಾಗದಲ್ಲಿ ಊಹೆ ಬರೆಯದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.